ವಿಮಾನದೊಳಗಣ ಗಾಳಿಯ ಚರಿತ್ರೆ

೧

ಕಾಳಿದಾಸನ ರಘುವಂಶದಲ್ಲಿ ಹದಿಮೂರನೆಯ ಸರ್ಗವನ್ನು ಓದಿದವರಿಗೆ ಪುಷ್ಪಕವಿಮಾನದ ಪ್ರಯಾಣವು ನೆನಪಿನಲ್ಲಿರುವುದಷ್ಟೆ. ಲಂಕೆಯಿಂದ ಅಯೋಧ್ಯೆಗೆ ಹಿಂದಿರುಗುವ ಶ್ರೀರಾಮನು ಕೆಳಗೆ ಕಾಣುವ ಸಮುದ್ರವನ್ನೂ ಅರಣ್ಯಗಳನ್ನೂ ಸೀತಾದೇವಿಗೆ ತೋರಿಸುತ್ತ ಸಾಗುವನು. ಆ ನಡುವೆ ದೇವಿಯು ಕುತೂಹಲದಿಂದ ವಿಮಾನದ ಕಿಟಕಿಯ ಹೊರಕ್ಕೆ ಕೈಯನ್ನು ಚಾಚಿ ಮೋಡವನ್ನು ಮುಟ್ಟುವ ಸಂದರ್ಭವೊಂದುಂಟು. ಕಿಟಕಿಗೆ ಕವಿಯು ಅಲ್ಲಿ ಬಳಸಿರುವ ಶಬ್ದವು ‘ವಾತಾಯನ’. ಗಾಳಿಯು ಬಂದುಹೋಗುವ ದಾರಿಯೆಂದು ಅದರ ಅರ್ಥ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಈ ಸರ್ಗವನ್ನು ಓದಿದ್ದ ನಾನು, ಅರುವತ್ತು ದಾಟಿದ ಮೇಲೆ ಕಳೆದ ವರ್ಷ ಮೊತ್ತಮೊದಲು ವಿಮಾನವನ್ನೇರಿ ದೆಹಲಿಗೆ ಹೊರಟಾಗ, ಕಿಟಕಿಯ ಪಕ್ಕದಲ್ಲಿ ಕುಳಿತು ನೆನೆದುದು ಇದನ್ನೇ. ಜತೆಯಲ್ಲಿದ್ದ ಮೊಮ್ಮಗನಿಗೆ ಈ ಕಥೆಯನ್ನು ಹೇಳಿದೆನು. ಅವನು ಕಿಟಕಿಯ ಗಾಜನ್ನು ಒಂದೆರಡು ಸಲ ತಟ್ಟಿ ನೋಡಿ, “ತಾತ, ಇದನ್ನು ಯಾಕೆ ತೆಗೆಯೋದಕ್ಕೆ ಬರೋದಿಲ್ಲ?” ಎಂದು ಕೇಳಿದನು.

“ಇಷ್ಟು ಎತ್ತರದಲ್ಲಿ ಆಮ್ಲಜನಕ ಇಲ್ಲ ಮಗು, ಅದಕ್ಕೆ” ಎಂದೆನು.

“ಹೊರಗೆ ಇಲ್ಲದೆ ಹೋದರೆ ಒಳಗೆ ಎಲ್ಲಿಂದ ಬಂತು?” ಎಂದನು.

ಮೂವತ್ತನಾಲ್ಕು ವರ್ಷ ಉಪಾಧ್ಯಾಯವೃತ್ತಿಯಲ್ಲಿದ್ದ ನನಗೆ ಉತ್ತರವು ಹೊಳೆಯಲಿಲ್ಲ. ನಾನು ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸುತ್ತಿದ್ದವನಾದರೂ, ವಿಜ್ಞಾನದ ಉಪಾಧ್ಯಾಯರು ರಜೆಯ ಮೇಲೆ ಹೋದಾಗಲೆಲ್ಲ ಅವರ ತರಗತಿಗಳೂ ನನ್ನ ಪಾಲಿಗೆ ಬರುತ್ತಿದ್ದುವು. ಎತ್ತರದಲ್ಲಿ ಆಮ್ಲಜನಕವಿಲ್ಲವೆಂಬ ವಾಕ್ಯವನ್ನು ಎಷ್ಟೋ ಹುಡುಗರಿಗೆ ನಾನೇ ಹೇಳಿ ಬರೆಯಿಸಿದ್ದೇನೆ. ಊರಿಗೆ ಮರಳಿ ಗ್ರಂಥಗಳನ್ನು ನೋಡಲಾಗಿ ಆ ವಾಕ್ಯವು ತಪ್ಪೆಂದು ತಿಳಿಯಬಂದಿತು. ತಪ್ಪನ್ನು ಬರೆಯಿಸಿದವನೇ ಅದನ್ನು ತಿದ್ದತಕ್ಕದ್ದು ನ್ಯಾಯ. ಅಂದಿನ ಹುಡುಗರಲ್ಲಿ ಕೆಲವರಾದರೂ ಈ ಪತ್ರಿಕೆಯನ್ನು ತರಿಸುವ ಮನೆಗಳಲ್ಲಿ ಇರುವರೆಂಬ ನಂಬಿಕೆಯಿಂದ, ವಿಮಾನದೊಳಗಣ ಗಾಳಿಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇನೆ. ಬಹುಮಂದಿಯ ಪ್ರಾಣವ್ಯಯದಿಂದ ಸಂಪಾದಿತವಾದ ಅರಿವು ಇದಾದುದರಿಂದ, ತಪ್ಪಾಗಿ ತಿಳಿದಿರುವುದು ಅವರಿಗೆ ಸಲ್ಲಿಸುವ ಮರ್ಯಾದೆಯಲ್ಲ.

೨

ನಮ್ಮ ತರ್ಕಶಾಸ್ತ್ರದಲ್ಲಿ ವಾಯುವಿಗೆ ರೂಪವಿಲ್ಲ, ಸ್ಪರ್ಶವುಂಟು ಎಂದು ಹೇಳಿದೆ. ತೂಕವೆಂಬ ಗುಣವನ್ನು, ಎಂದರೆ ಗುರುತ್ವವನ್ನು, ಆ ಶಾಸ್ತ್ರವು ಪೃಥ್ವಿಗೂ ಜಲಕ್ಕೂ ಮಾತ್ರ ಒಪ್ಪುತ್ತದೆ, ವಾಯುವಿಗೆ ಒಪ್ಪುವುದಿಲ್ಲ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠಮಾಡಿದ ನಮಗೆ ಇದು ಸಹಜವಾಗಿಯೇ ತೋರಿತ್ತು. ಬೀಸಿದಾಗಲಲ್ಲದೆ ಗಾಳಿಯ ಇರವೇ ನಮಗೆ ಗೊತ್ತಾಗದಿರುವಾಗ, ಅದರ ತೂಕವನ್ನು ಯಾರು ಬಲ್ಲರು?

ಗಾಳಿಗೂ ತೂಕವುಂಟೆಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟ ಕೀರ್ತಿಯು ಇಟಲಿಯ ಟಾರಿಚೆಲ್ಲಿಗೆ ಸಲ್ಲುವುದು. ಈತನು ಗೆಲಿಲಿಯೋವಿನ ಕೊನೆಗಾಲದ ಶಿಷ್ಯನು. ಒಂದು ತುದಿ ಮುಚ್ಚಿದ ಉದ್ದವಾದ ಗಾಜಿನ ಕೊಳವೆಯಲ್ಲಿ ಪಾದರಸವನ್ನು ತುಂಬಿ, ಬಾಯನ್ನು ಬೆರಳಿನಿಂದ ಮುಚ್ಚಿ, ಪಾದರಸದ ಬಟ್ಟಲಲ್ಲಿ ಬೋರಲಾಗಿ ನಿಲ್ಲಿಸಿದರೆ, ಕೊಳವೆಯೊಳಗಣ ಪಾದರಸವು ಪೂರ್ತಿಯಾಗಿ ಇಳಿದುಹೋಗದೆ ಸುಮಾರು ಮೂವತ್ತು ಅಂಗುಲದ ಎತ್ತರದಲ್ಲಿ ನಿಂತುಬಿಡುವುದು. ಅದನ್ನು ಎತ್ತಿ ಹಿಡಿದಿರುವುದು ಬಟ್ಟಲಿನ ಮೇಲೆ ಕವಿದಿರುವ ಗಾಳಿಯ ಭಾರವೇ ಎಂದು ಆತನು ೧೬೪೪ರಲ್ಲಿ ಮಿತ್ರನಿಗೆ ಬರೆದ ಪತ್ರದಲ್ಲಿ ತಿಳಿಸಿದನು. ಸಮುದ್ರಮಟ್ಟದಲ್ಲಿ ಈ ಭಾರವು ಒಂದು ಚದರ ಅಂಗುಲಕ್ಕೆ ಸುಮಾರು ೧೪.೭ ಪೌಂಡು. ಮೀನುಗಳು ಸಮುದ್ರದ ತಳದಲ್ಲಿರುವಂತೆ ನಾವು ಗಾಳಿಯ ಸಮುದ್ರದ ತಳದಲ್ಲಿದ್ದೇವೆ.

ಈ ಮಾತು ನಿಜವಾದರೆ, ತಳದಿಂದ ಮೇಲೇರಿದಷ್ಟೂ ಭಾರವು ಕಡಮೆಯಾಗತಕ್ಕದ್ದು. ಫ್ರಾನ್ಸಿನ ಪಾಸ್ಕಲನು ಇದನ್ನು ಪರೀಕ್ಷಿಸಬೇಕೆಂದು ಯೋಚಿಸಿದನು. ಆತನ ಭಾವಮೈದುನನಾದ ಪೆರಿಯೇ ಎಂಬವನು ಕ್ಲೆರ್ಮಾನ್ ಪಟ್ಟಣದಲ್ಲಿದ್ದನು. ಆ ಪಟ್ಟಣದ ಬಳಿಯಲ್ಲಿ ಪ್ಯೂಯಿ ದ ದೋಮ್ ಎಂಬ ಬೆಟ್ಟವುಂಟು. ೧೬೪೮ನೆಯ ಸೆಪ್ಟೆಂಬರ್ ೧೯ರಂದು ಪೆರಿಯೇ ಊರಿನ ಕೆಲವು ಗೃಹಸ್ಥರನ್ನು ಕೂಡಿಕೊಂಡು, ಮೊದಲು ಮಠದ ತೋಟವೊಂದರಲ್ಲಿ ಎರಡು ಕೊಳವೆಗಳನ್ನು ಸಿದ್ಧಪಡಿಸಿ, ಪಾದರಸವು ಎರಡರಲ್ಲಿಯೂ ಒಂದೇ ಎತ್ತರಕ್ಕೆ ನಿಲ್ಲುವುದನ್ನು ನೋಡಿಕೊಂಡನು. ಒಂದನ್ನು ಅಲ್ಲಿಯೇ ಇರಿಸಿ, ದಿನವೆಲ್ಲ ಅದನ್ನು ನೋಡುತ್ತಿರುವಂತೆ ಮಠದ ಪಾದರಿಯೊಬ್ಬರನ್ನು ನೇಮಿಸಿದನು. ಇನ್ನೊಂದನ್ನು ಬೆಟ್ಟದ ನೆತ್ತಿಗೆ ಒಯ್ದನು. ಅಲ್ಲಿ ಪಾದರಸವು ಮೂರು ಅಂಗುಲಗಳಷ್ಟು ಕೆಳಗೆ ನಿಂತಿತು. ನೋಡಿದವರಿಗೆ ತಮ್ಮ ಕಣ್ಣನ್ನು ನಂಬುವುದಾಗದೆ, ನೆತ್ತಿಯಲ್ಲಿಯೇ ಬೇರೆ ಬೇರೆ ಸ್ಥಳಗಳಲ್ಲಿ ಮತ್ತೆ ಮತ್ತೆ ಅಳೆದರು. ಇಳಿದು ಬಂದಾಗ ಪಾದರಸವು ಮೊದಲಿನ ಎತ್ತರಕ್ಕೇ ಏರಿತು. ತೋಟದಲ್ಲಿದ್ದ ಕೊಳವೆಯು ದಿನವೆಲ್ಲ ಕದಲಿರಲಿಲ್ಲ. ಒಂದು ಸಾಕ್ಷಿಯನ್ನು ಕೆಳಗೆ ಬಿಟ್ಟು ಹೋದ ಈ ಜಾಗರೂಕತೆಯನ್ನು ವಾಚಕರು ಗಮನಿಸಬೇಕು. ಮುಂದಿನ ಕಥೆಯಲ್ಲಿ ಇದು ಎಲ್ಲರಲ್ಲಿಯೂ ಇದ್ದಿತೆನ್ನುವಂತಿಲ್ಲ.

ಇದಕ್ಕೂ ಮೊದಲೇ, ೧೫೯೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಅಕೋಸ್ತ ಎಂಬ ಸ್ಪೇನಿನ ಪಾದರಿಯು ಪೆರು ದೇಶದ ಎತ್ತರದ ಕಣಿವೆಯೊಂದನ್ನು ದಾಟುವಾಗ ತನಗೂ ಸಂಗಡಿಗರಿಗೂ ಉಂಟಾದ ವಾಂತಿ ಸಂಕಟಗಳನ್ನು ವರ್ಣಿಸಿ, ಅಲ್ಲಿಯ ಗಾಳಿಯು ಮನುಷ್ಯನ ಉಸಿರಿಗೆ ತಕ್ಕುದಲ್ಲದಷ್ಟು ತೆಳುವಾಗಿರುವುದೇ ಇದಕ್ಕೆ ಕಾರಣವಾಗಿರಬೇಕೆಂದು ಊಹಿಸಿದ್ದನು. ಆ ಊಹೆಯು ಪ್ರಮಾಣಸಿದ್ಧವಾಗುವುದಕ್ಕೆ ಸುಮಾರು ಮುನ್ನೂರು ವರ್ಷಗಳು ಹಿಡಿದುವು.

೩

೧೭೮೩ರಲ್ಲಿ ಫ್ರಾನ್ಸಿನಲ್ಲಿ ಬಲೂನುಗಳ ಮೂಲಕ ಮನುಷ್ಯನು ಮೊದಲು ಆಕಾಶವನ್ನೇರಿದನು. ಆ ಡಿಸೆಂಬರಿನಲ್ಲಿ ಜಲಜನಕದ ಬಲೂನಿನಲ್ಲಿ ಏರಿದ ಷಾರ್ಲ್ ಎಂಬ ಪಂಡಿತನಿಗೆ ಬಲಗಿವಿಯಲ್ಲಿ ವಿಪರೀತ ನೋವು ಕಾಣಿಸಿತು. ಇಂದು ವಿಮಾನವು ಏರಿಳಿಯುವಾಗ ನಮ್ಮ ಕಿವಿಗಳು ಮುಚ್ಚಿದಂತಾಗುವುದಕ್ಕೆ ಇದೇ ಮೂಲಪುರುಷನ ಅನುಭವವೆಂದು ಹೇಳಬಹುದು. ಕಿವಿದೆರೆಯ ಒಳಗಣ ಗಾಳಿಯೂ ಹೊರಗಣ ಗಾಳಿಯೂ ಸಮವಾಗುವವರೆಗೆ ಈ ಬಾಧೆಯು ತಪ್ಪದು.

ಕಿವಿನೋವಿನಿಂದ ಪ್ರಾಣಾಪಾಯವಿಲ್ಲ. ಅಪಾಯವೇನೆಂಬುದು ೧೮೬೨ನೆಯ ಸೆಪ್ಟೆಂಬರ್ ೫ರಂದು ಗೊತ್ತಾಯಿತು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಪಟ್ಟಣದಿಂದ ಗ್ಲೇಷರ್ ಎಂಬ ಹವಾಮಾನಪಂಡಿತನೂ ಕಾಕ್ಸ್‌ವೆಲ್ ಎಂಬ ಬಲೂನುಗಾರನೂ ಮೇಲೇರಿದರು. ಸುಮಾರು ೨೯,೦೦೦ ಅಡಿಗಳ ಎತ್ತರದಲ್ಲಿ, ಎಂದರೆ ಗೌರೀಶಂಕರವೆಂದು ನಾವು ಹಿಂದೆ ಕರೆಯುತ್ತಿದ್ದ ಎವರೆಸ್ಟ್ ಶಿಖರದ ಮಟ್ಟದಲ್ಲಿ, ಗ್ಲೇಷರನ ಕೈಕಾಲುಗಳು ಸ್ವಾಧೀನ ತಪ್ಪಿ, ಕಣ್ಣು ಕತ್ತಲೆಗಟ್ಟಿ, ಅವನು ಮೂರ್ಛಿತನಾದನು. ಕಾಕ್ಸ್‌ವೆಲ್ಲನ ಕೈಗಳು ಚಳಿಯಿಂದ ಮರಗಟ್ಟಿದ್ದುವು. ಅವನು ಅನಿಲವನ್ನು ಹೊರಬಿಡುವ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಳೆದನು, ಬಲೂನು ಇಳಿಯಿತು, ಇಬ್ಬರೂ ಬದುಕಿದರು.

ಈ ಮೂರ್ಛೆಗೆ ಕಾರಣವೇನು? ಭಾರವು ಕಡಮೆಯಾದುದರಿಂದ ಶರೀರವೇ ಕೆಡುವುದೋ, ಅಥವಾ ಬೇರೆ ಏನಾದರೂ ಕೊರತೆಯಾಗುವುದೋ? ಇದನ್ನು ನಿರ್ಣಯಿಸಿದ ಮಹನೀಯನು ಪ್ಯಾರಿಸಿನ ಪಾಲ್ ಬೆರ್. ಆತನು ಕಬ್ಬಿಣದ ದೊಡ್ಡ ಕೊಠಡಿಗಳನ್ನು ಮಾಡಿಸಿ, ಒಳಗಣ ಗಾಳಿಯನ್ನು ಪಂಪಿನಿಂದ ಬೇಕಾದಷ್ಟು ಹೊರದೆಗೆಯುವಂತೆಯೂ ತುಂಬುವಂತೆಯೂ ಏರ್ಪಡಿಸಿ, ಪ್ರಾಣಿಗಳನ್ನೂ ಪಕ್ಷಿಗಳನ್ನೂ ಇಟ್ಟು ಪರೀಕ್ಷಿಸಿದನು; ಕೊನೆಗೆ ತಾನೇ ಒಳಗೆ ಕುಳಿತನು. ಒತ್ತಡವು ಇಳಿದಂತೆ ತಲೆಸುತ್ತು, ಓಕರಿಕೆ, ನಾಡಿಯ ವೇಗ, ಬುದ್ಧಿಮಾಂದ್ಯ ಇವೆಲ್ಲ ತೋರಿದುವು. ಒತ್ತಡವನ್ನು ಹಾಗೆಯೇ ಬಿಟ್ಟು, ಚೀಲದಿಂದ ಆಮ್ಲಜನಕವನ್ನು ಸೇವಿಸಿದೊಡನೆ ಅವು ಮಾಯವಾದುವು. ಆತನ ಮಹಾಗ್ರಂಥವು ೧೮೭೮ರಲ್ಲಿ ಪ್ರಕಟವಾಯಿತು.

ಇದರಿಂದ ತಿಳಿದುದೇನೆಂದರೆ: ಗಾಳಿಯ ನೂರು ಪಾಲಿನಲ್ಲಿ ಸುಮಾರು ಇಪ್ಪತ್ತೊಂದು ಪಾಲು ಆಮ್ಲಜನಕ. ಈ ಪ್ರಮಾಣವು ನೆಲದ ಮೇಲೆ ಎಷ್ಟೋ, ವಿಮಾನವು ಹಾರುವ ಎತ್ತರದಲ್ಲಿಯೂ ಅಷ್ಟೇ. ಕಡಮೆಯಾಗುವುದು ಪ್ರಮಾಣವಲ್ಲ, ಒತ್ತಡ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕವು ದಾಟುವುದು ಒತ್ತಡದ ಬಲದಿಂದ. ನಮ್ಮ ಮನೆಗಳ ಕೊಳಾಯಿಯನ್ನು ನೋಡಿರಿ. ತೊಟ್ಟಿಯು ಎತ್ತರದಲ್ಲಿದ್ದರೆ ನೀರು ರಭಸವಾಗಿ ಬರುವುದು; ಅದೇ ತೊಟ್ಟಿಯನ್ನು ಕೊಳಾಯಿಯ ಮಟ್ಟಕ್ಕೆ ಇಳಿಸಿದರೆ ನೀರು ಅದೇ ಆದರೂ ತೊಟ್ಟಿಕ್ಕುವುದು. ನೀರಿಲ್ಲವೆಂದು ಹೇಳುವಂತಿಲ್ಲ, ನೂಕುವ ಬಲವಿಲ್ಲ. ೧೮,೦೦೦ ಅಡಿಗಳಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಅರ್ಧ. ೩೫,೦೦೦ ಅಡಿಗಳಲ್ಲಿ ಕಾಲುಪಾಲಿಗೂ ಕಡಮೆ. ಆದುದರಿಂದ ನಾನು ಹುಡುಗರಿಗೆ ಬರೆಯಿಸಬೇಕಾಗಿದ್ದ ವಾಕ್ಯವು, ‘ಎತ್ತರದಲ್ಲಿ ಆಮ್ಲಜನಕವುಂಟು, ಅದನ್ನು ರಕ್ತಕ್ಕೆ ನೂಕುವ ಒತ್ತಡ ಸಾಲದು’ ಎಂದು.

ಪಾಲ್ ಬೆರ್ ಪಂಡಿತನ ಕೊಠಡಿಯಲ್ಲಿ ಕುಳಿತು ಆಮ್ಲಜನಕದ ಗುಣವನ್ನು ಸ್ವತಃ ಕಂಡುಕೊಂಡವರಲ್ಲಿ ಕ್ರೋಚೆ ಸ್ಪಿನೆಲ್ಲಿ, ಸಿವೆಲ್ ಎಂಬಿಬ್ಬರು ತರುಣರಿದ್ದರು. ಇವರು ಗಾಸ್ತೋಂ ತಿಸಾಂದಿಯೇ ಎಂಬ ಮೂರನೆಯವನೊಡನೆ ೧೮೭೫ನೆಯ ಏಪ್ರಿಲ್ ೧೫ರಂದು ಪ್ಯಾರಿಸಿನಿಂದ ಜೆನಿತ್ ಎಂಬ ಬಲೂನಿನಲ್ಲಿ ಹೊರಟರು. ಆಮ್ಲಜನಕವನ್ನು ಹೆಚ್ಚಾಗಿ ಬೆರೆಸಿದ ಗಾಳಿಯ ಚೀಲಗಳನ್ನು ಜತೆಗೆ ಒಯ್ದಿದ್ದರು. ತಾವು ಒಯ್ಯುವ ಪ್ರಮಾಣವನ್ನು ಮುಂಚಿತವಾಗಿ ಗುರುವಿಗೆ ಬರೆದು ತಿಳಿಸಿದ್ದರು. ಪ್ಯಾರಿಸಿನಲ್ಲಿಲ್ಲದ ಆತನು, ಅಷ್ಟು ಸಾಲದು ಎಂದು ಉತ್ತರ ಬರೆದನು. ಆ ಕಾಗದವು ತಲಪುವಷ್ಟರಲ್ಲಿ ಬಲೂನು ಹೊರಟುಹೋಗಿತ್ತು.

ಇದ್ದ ಅಲ್ಪವನ್ನು ನಿಜವಾಗಿ ಬೇಕಾದಾಗ ಬಳಸೋಣವೆಂದು ಅವರು ಉಳಿಸಿಕೊಂಡರು. ಅನರ್ಥವಾದುದು ಇಲ್ಲಿಯೇ. ತಿಸಾಂದಿಯೇ ಆಮೇಲೆ ಬರೆದಿರುವಂತೆ, ಆ ಎತ್ತರದಲ್ಲಿ ಅವನಿಗೆ ಯಾವ ಯಾತನೆಯೂ ಆಗಲಿಲ್ಲ. ಬೆಳಕಿನ ಪ್ರವಾಹದಲ್ಲಿರುವಂತೆ ಒಳಗೊಳಗೇ ಒಂದು ಸಂತೋಷವು ತೋರಿತು. ಅಪಾಯದ ಯೋಚನೆಯೇ ಬರಲಿಲ್ಲ. ಚೀಲದ ನಳಿಕೆಯನ್ನು ಹಿಡಿಯಬೇಕೆಂದುಕೊಂಡಾಗ ತೋಳು ಏಳಲಿಲ್ಲ. ಎಂಟು ಸಾವಿರ ಮೀಟರ್ ಬಂದೆವೆಂದು ಕೂಗಬೇಕೆಂದುಕೊಂಡಾಗ ನಾಲಗೆ ಹೊರಳಲಿಲ್ಲ. ಮೂವರೂ ಮೂರ್ಛೆಹೋದರು. ತಿಸಾಂದಿಯೇಗೆ ಎಚ್ಚರವಾದಾಗ ಬಲೂನು ಇಳಿಯುತ್ತಿತ್ತು. ಸಂಗಡಿಗರಿಬ್ಬರೂ ತೊಟ್ಟಿಲಲ್ಲಿ ಮುದುರಿ ಬಿದ್ದು ಪ್ರಾಣಬಿಟ್ಟಿದ್ದರು. ಬದುಕಿದವನ ಕಿವಿ ಕಿವುಡಾಯಿತು. ಅವರು ಏರಿದ್ದ ಎತ್ತರವು ಸುಮಾರು ೮,೬೦೦ ಮೀಟರುಗಳು. ಪ್ಯಾರಿಸಿನ ಪೆರ್ ಲಾಷೇಸ್ ಶ್ಮಶಾನದಲ್ಲಿ ಆ ಇಬ್ಬರ ಪ್ರತಿಮೆಗಳು ಒಂದರ ಪಕ್ಕದಲ್ಲಿ ಒಂದು ಕೈ ಕೈ ಹಿಡಿದು ಮಲಗಿವೆ.

ಹಸಿದವನಿಗೆ ಹಸಿವು ಗೊತ್ತಾಗುವುದು. ಬಾಯಾರಿದವನಿಗೆ ದಾಹ ಗೊತ್ತಾಗುವುದು. ಆಮ್ಲಜನಕದ ಕೊರತೆಯಾದವನಿಗೆ ಮಾತ್ರ ಕೊರತೆಯು ಗೊತ್ತಾಗುವುದಿಲ್ಲ. ಏಕೆಂದರೆ ಕೊರತೆಯನ್ನು ಅರಿಯಬೇಕಾದ ಬುದ್ಧಿಯೇ ಮೊದಲು ಮಂಕಾಗುವುದು. ಈ ಒಂದು ಸಂಗತಿಯ ಸುತ್ತಲೇ ಮುಂದಿನ ಚರಿತ್ರೆಯೆಲ್ಲ ತಿರುಗುತ್ತದೆ.

೪

ಆಮ್ಲಜನಕವನ್ನು ಮುಖವಾಡದ ಮೂಲಕ ಕೊಟ್ಟರೆ ಸಾಲದೆ ಎಂದು ಕೆಲವರು ಕೇಳಬಹುದು. ಸೈನಿಕರಿಗೆ ಹಾಗೆಯೇ ಕೊಟ್ಟರು. ಆದರೆ ಸುಮಾರು ೪೦,೦೦೦ ಅಡಿಗಳ ಮೇಲೆ ಸುತ್ತಣ ಒತ್ತಡವು ಎಷ್ಟು ಇಳಿದಿರುವುದೆಂದರೆ, ಶುದ್ಧ ಆಮ್ಲಜನಕವನ್ನು ಸೇವಿಸಿದರೂ ರಕ್ತಕ್ಕೆ ಸಾಕಾದಷ್ಟು ಸೇರುವುದಿಲ್ಲ. ಸುಮಾರು ೬೩,೦೦೦ ಅಡಿಗಳಲ್ಲಿ ಶರೀರದ ಬಿಸಿಗೇ ನೀರು ಕುದಿಯತೊಡಗುವುದು. ಅದೂ ಅಲ್ಲದೆ ಒತ್ತಡವು ತಟ್ಟನೆ ತಗ್ಗಿದರೆ ರಕ್ತದಲ್ಲಿ ಕರಗಿರುವ ಸಾರಜನಕವು ಗುಳ್ಳೆಗಟ್ಟಿ ಕೀಲುಗಳನ್ನು ಹಿಂಡುವುದು. ಇನ್ನು ಹೊರಗಣ ಚಳಿಯೋ, ೩೫,೦೦೦ ಅಡಿಗಳಲ್ಲಿ ಸೊನ್ನೆಗಿಂತ ಐವತ್ತು ಡಿಗ್ರಿಗಳಿಗೂ ಕೆಳಗೆ. ಎಳೆಗೂಸುಗಳೂ ಗರ್ಭಿಣಿಯರೂ ವೃದ್ಧರೂ ಮೂರು ನಾಲ್ಕು ಗಂಟೆ ಮುಖವಾಡ ಕಟ್ಟಿಕೊಂಡು ಹೇಗೆ ಕುಳಿತಾರು? ಮನುಷ್ಯನಿಗೆ ಮುಖವಾಡ ತೊಡಿಸುವುದಕ್ಕೆ ಬದಲಾಗಿ ಇಡಿಯ ಕೊಠಡಿಗೇ ನೆಲದ ಗಾಳಿಯನ್ನು ಒದಗಿಸಬೇಕೆಂಬ ಆಲೋಚನೆ ಹುಟ್ಟಿದುದು ಹೀಗೆ.

ಮೊದಲ ಯತ್ನವು ನಗೆಗೂ ಭಯಕ್ಕೂ ಕಾರಣವಾಯಿತು. ೧೯೨೧ರಲ್ಲಿ ಅಮೆರಿಕದ ಒಹಾಯೋ ಪ್ರಾಂತದಲ್ಲಿ ಹ್ಯಾರಲ್ಡ್ ಹ್ಯಾರಿಸ್ ಎಂಬ ವಿಮಾನಚಾಲಕನು ಭದ್ರವಾಗಿ ಮುಚ್ಚಿದ ಲೋಹದ ಗೂಡಿನೊಳಗೆ ಕುಳಿತು ಹಾರಿದನು. ಗೂಡಿಗೆ ಗಾಳಿಯನ್ನು ನೂಕುವ ಯಂತ್ರವು ಬಲವಾದದ್ದು. ಹೊರಬಿಡುವ ರಂಧ್ರವು ಕಿರಿದು. ಒಳಗಣ ಒತ್ತಡವು ಇಳಿಯುವುದಕ್ಕೆ ಬದಲು ಏರುತ್ತ ಏರುತ್ತ ನೆಲದ ಮೇಲಣದಕ್ಕಿಂತಲೂ ಹೆಚ್ಚಾಗಿ, ಗೂಡು ಕುಲುಮೆಯಂತೆ ಕಾಯಿತು. ಬಾಗಿಲನ್ನು ತೆರೆಯೋಣವೆಂದರೆ ಒತ್ತಡವೇ ಅದನ್ನು ಬಿಗಿಹಿಡಿದಿತ್ತು. ಆತನು ಹೇಗೋ ನೆಲಕ್ಕಿಳಿದು ಬದುಕಿಕೊಂಡನು. ಗಾಳಿಯನ್ನು ತುಂಬುವುದಕ್ಕಿಂತ ಅದನ್ನು ಅಳತೆಯಲ್ಲಿಡುವುದೇ ಕಷ್ಟವೆಂದು ಅಂದು ಗೊತ್ತಾಯಿತು.

೧೯೩೧ನೆಯ ಮೇ ೨೭ರಂದು ಸ್ವಿಟ್ಜರ್ಲೆಂಡಿನ ಭೌತಶಾಸ್ತ್ರಜ್ಞನಾದ ಓಗಸ್ತ್ ಪಿಕಾರನು ತನ್ನ ಸಹಾಯಕ ಕಿಪ್ಫರನೊಡನೆ ಜರ್ಮನಿಯ ಆಗ್ಸ್‌ಬರ್ಗಿನಿಂದ ಅಲ್ಯುಮಿನಿಯಮಿನ ಗೋಳವೊಂದರಲ್ಲಿ ಕುಳಿತು ಬಲೂನಿನ ಸಹಾಯದಿಂದ ೧೫,೭೮೧ ಮೀಟರ್ ಎತ್ತರಕ್ಕೆ ಏರಿದನು. ಅಲ್ಲಿ ಹೊರಗಣ ಒತ್ತಡವು ನೆಲದ ಹತ್ತರಲ್ಲೊಂದು ಪಾಲು. ಏರುವಾಗಲೇ ಗೋಳದ ಒಂದು ಸಂದಿಯಿಂದ ಗಾಳಿಯು ಸೋರತೊಡಗಿತು; ನಾರಿಗೆ ವ್ಯಾಸಲೀನ್ ಮೆತ್ತಿ ಅದನ್ನು ಅಡಗಿಸಿದರು. ಅನಿಲವನ್ನು ಬಿಡುವ ಹಗ್ಗವು ಸಿಕ್ಕಿಕೊಂಡುದರಿಂದ ಇಳಿಯಲಾರದೆ ದಿನವೆಲ್ಲ ಮೇಲೆಯೇ ತೇಲಿದರು. ಬಿಸಿಲಿನ ಕಾವಿಗೆ ಬಾಯಾರಿ, ಗೋಡೆಯ ಮೇಲೆ ಕೂಡಿದ ನೀರಹನಿಗಳನ್ನು ನೆಕ್ಕಿದರೆಂದು ಹೇಳುವರು. ಸಂಜೆಯ ತಂಪಿಗೆ ಬಲೂನು ತಾನಾಗಿ ಇಳಿದು ಆಸ್ಟ್ರಿಯದ ಹಿಮನದಿಯೊಂದರ ಮೇಲೆ ಅವರನ್ನು ಸುರಕ್ಷಿತವಾಗಿ ಇಳಿಸಿತು. ಭದ್ರವಾಗಿ ಮುಚ್ಚಿದ ಗೂಡಿನಲ್ಲಿ ಮನುಷ್ಯನು ಎಷ್ಟು ಎತ್ತರದಲ್ಲಾದರೂ ಬಾಳಬಹುದೆಂಬುದು ಸಿದ್ಧವಾಯಿತು.

ಮುಂದಿನದು ಬೇಗ ನಡೆಯಿತು. ೧೯೩೭ರಲ್ಲಿ ಅಮೆರಿಕದ ಲಾಕ್‌ಹೀಡ್ ಸಂಸ್ಥೆಯು ಒತ್ತಡದ ಕೊಠಡಿಯುಳ್ಳ ವಿಮಾನವೊಂದನ್ನು ಪರೀಕ್ಷೆಗಾಗಿ ಹಾರಿಸಿತು. ೧೯೩೮ನೆಯ ಡಿಸೆಂಬರ್ ೩೧ರಂದು ಮೊದಲು ಹಾರಿದ ಬೋಯಿಂಗ್ ಸ್ಟ್ರಾಟೋಲೈನರ್ ವಿಮಾನವು ೧೯೪೦ರಿಂದ ಪ್ರಯಾಣಿಕರನ್ನು ಹೊತ್ತಿತು. ಎರಡನೆಯ ಮಹಾಯುದ್ಧದಲ್ಲಿ ಬಿ-೨೯ ಎಂಬ ಬಾಂಬರು ವಿಮಾನಕ್ಕೂ ಇಂತಹ ಕೊಠಡಿಗಳಿದ್ದುವು. ೧೯೪೪ರಲ್ಲಿ ಇವು ನಮ್ಮ ದೇಶದ ಖರಗಪುರದ ನೆಲೆಯಿಂದ ಹಾರಿದುವು.

ಇಷ್ಟು ಕಷ್ಟಪಟ್ಟು ಅಷ್ಟು ಎತ್ತರಕ್ಕೆ ಹೋಗುವುದೇಕೆ? ಗಾಳಿಯು ತೆಳುವಾದಷ್ಟೂ ವಿಮಾನಕ್ಕೆ ತಡೆ ಕಡಮೆ. ಅದೇ ಎಣ್ಣೆಯಲ್ಲಿ ಹೆಚ್ಚು ದೂರ ಸಾಗಬಹುದು. ಮೋಡಗಳ ಮತ್ತು ಬಿರುಗಾಳಿಯ ಬಹುಭಾಗವೂ ಕೆಳಗೆ ಉಳಿಯುವುದು. ಜೆಟ್ ಯಂತ್ರಗಳಿಗಂತೂ ಎತ್ತರದ ತಂಪು ಗಾಳಿಯೇ ಹಿತ. ಯಂತ್ರಕ್ಕೆ ತೆಳುಗಾಳಿ ಬೇಕು, ಮನುಷ್ಯನಿಗೆ ದಟ್ಟಗಾಳಿ ಬೇಕು. ಈ ವಿರೋಧವನ್ನು ಪರಿಹರಿಸುವುದು ನಡುವಣ ಒಂದು ತೆಳುವಾದ ಲೋಹದ ಗೋಡೆ.

೫

ಆ ಗೋಡೆಯ ಕಥೆಯೇ ಈ ಚರಿತ್ರೆಯಲ್ಲಿ ಅತ್ಯಂತ ಶೋಚನೀಯವಾದುದು.

೧೯೫೨ನೆಯ ಮೇ ೨ರಂದು ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಸಂಸ್ಥೆಯ ಕಾಮೆಟ್ ಎಂಬ ವಿಮಾನವು ಲಂಡನ್ನಿನಿಂದ ಜೊಹಾನೆಸ್‌ಬರ್ಗಿಗೆ ಪ್ರಯಾಣಿಕರನ್ನು ಒಯ್ದಿತು. ಜೆಟ್ ಯಂತ್ರದ ವಿಮಾನವು ಪ್ರಯಾಣಿಕರ ಸೇವೆಗೆ ಬಂದುದು ಅದೇ ಮೊದಲು. ಸುಮಾರು ೪೦,೦೦೦ ಅಡಿಗಳವರೆಗೆ ಏರಿ, ಒಳಗೆ ಮಾತ್ರ ೮,೦೦೦ ಅಡಿಗಳ ಗಾಳಿಯನ್ನು ಉಳಿಸಿಕೊಳ್ಳುವಂತೆ ಅದನ್ನು ರಚಿಸಿದ್ದರು. ಎಂದರೆ, ಗೋಡೆಯ ಪ್ರತಿಯೊಂದು ಚದರ ಅಂಗುಲವನ್ನೂ ಎಂಟು ಪೌಂಡಿಗಿಂತ ಹೆಚ್ಚಿನ ಬಲವು ಒಳಗಿನಿಂದ ಹೊರಕ್ಕೆ ನೂಕುತ್ತಿತ್ತು. ಒಂದು ಚದರ ಅಡಿಗೆ ಲೆಕ್ಕ ಹಾಕಿದರೆ ಇದು ಅರ್ಧ ಟನ್ನಿಗೂ ಮೇಲಾಯಿತು.

ಸೇವೆಯು ಆರಂಭವಾಗಿ ಸರಿಯಾಗಿ ಒಂದು ವರ್ಷಕ್ಕೆ, ೧೯೫೩ನೆಯ ಮೇ ೨ರಂದು, ಕಲ್ಕತ್ತೆಯ ಡಂಡಂನಿಂದ ಹೊರಟ ಕಾಮೆಟ್ ಒಂದು ಕೆಲವೇ ನಿಮಿಷಗಳಲ್ಲಿ ಮುರಿದುಬಿದ್ದು ೪೩ ಮಂದಿ ಮಡಿದರು. ಬಿರುಗಾಳಿಯ ಹೊಡೆತದಿಂದ ವಿಮಾನವು ಮುರಿಯಿತೆಂದು ಇಲ್ಲಿ ನಡೆದ ವಿಚಾರಣೆಯು ತೀರ್ಮಾನಿಸಿತು. ೧೯೫೪ನೆಯ ಜನವರಿ ೧೦ರಂದು, ಸಿಂಗಾಪುರದಿಂದ ಕಲ್ಕತ್ತೆ ಕರಾಚಿಗಳ ಮೂಲಕ ಬಂದು ರೋಮಿನಿಂದ ಲಂಡನ್ನಿಗೆ ಹೊರಟ ಇನ್ನೊಂದು ಕಾಮೆಟ್ ನಿರ್ಮಲವಾದ ಆಕಾಶದಲ್ಲಿ ಒಡೆದು ಎಲ್ಬಾ ದ್ವೀಪದ ಬಳಿ ಸಮುದ್ರಕ್ಕೆ ಬಿತ್ತು. ೩೫ ಮಂದಿ ಸತ್ತರು. ವಿಮಾನಗಳನ್ನು ನಿಲ್ಲಿಸಿದರು. ಕಾರಣವು ಗೊತ್ತಾಗದಿದ್ದರೂ, ಸಂಶಯಕ್ಕೆ ಎಡೆಯಿದ್ದ ಭಾಗಗಳನ್ನೆಲ್ಲ ಬಲಪಡಿಸಿ, ಮಾರ್ಚ್ ೨೩ರಂದು ಮತ್ತೆ ಹಾರಿಸಿದರು. ಏಪ್ರಿಲ್ ೮ರಂದು ಮತ್ತೊಂದು ಕಾಮೆಟ್ ನೇಪಲ್ಸಿನ ಬಳಿ ಸಮುದ್ರಕ್ಕೆ ಬಿದ್ದು ೨೧ ಮಂದಿ ತೀರಿಕೊಂಡರು. ಪೆರಿಯೇ ಬೆಟ್ಟವನ್ನೇರುವಾಗ ತೋಟದಲ್ಲಿ ಒಂದು ಕೊಳವೆಯನ್ನು ಬಿಟ್ಟುಹೋದ ಜಾಗರೂಕತೆಯು ಈ ಹದಿನಾರು ದಿನಗಳ ಅವಸರದಲ್ಲಿ ಇರಲಿಲ್ಲ.

ಆಮೇಲೆ ನಡೆದ ಅನ್ವೇಷಣೆಯು ಮಾತ್ರ ಅಷ್ಟೇ ಶ್ಲಾಘನೀಯವಾದುದು. ಫಾರ್ನ್‌ಬರೋ ಎಂಬಲ್ಲಿಯ ರಾಜಕೀಯ ವಿಮಾನಶಾಲೆಯಲ್ಲಿ ಆರ್ನಲ್ಡ್ ಹಾಲನ ಮೇಲ್ವಿಚಾರಣೆಯಲ್ಲಿ, ಎಲ್ಬಾದ ಸಮುದ್ರತಳದಿಂದ ಎತ್ತಿದ ಚೂರುಗಳನ್ನು ಒಂದೊಂದಾಗಿ ಜೋಡಿಸಿದರು. ಇನ್ನೊಂದು ಇಡಿಯ ಕಾಮೆಟನ್ನು ತೊಟ್ಟಿಯೊಂದರಲ್ಲಿ ಇರಿಸಿ, ಅದರ ಹೊರಗೂ ಒಳಗೂ ನೀರು ತುಂಬಿ, ಒಳಗಣ ಒತ್ತಡವನ್ನು ಏರಿಸಿ ಇಳಿಸಿ, ಏರಿಸಿ ಇಳಿಸಿ, ಹಗಲಿರುಳು ಪರೀಕ್ಷಿಸಿದರು. ಒಂದೊಂದು ಏರಿಳಿತವೂ ಒಂದೊಂದು ಪ್ರಯಾಣಕ್ಕೆ ಸಮ. ಗಾಳಿಗೆ ಬದಲು ನೀರನ್ನೇಕೆ ತುಂಬಿದರೆಂದರೆ, ಒತ್ತಿದ ಗಾಳಿಯು ಬಿರಿದರೆ ಸಿಡಿಲಿನಂತೆ ಎಲ್ಲವನ್ನೂ ಚೂರುಮಾಡುವುದು. ನೀರಾದರೋ ಬಿರುಕು ಬಿಟ್ಟ ಜಾಗದಲ್ಲಿ ಸುಮ್ಮನೆ ನಿಲ್ಲುವುದು, ಬಿರುಕು ಎಲ್ಲಿ ಮೊದಲಾಯಿತೆಂಬುದು ಕಾಣುವುದು. ಆ ವಿಮಾನವು ಮೊದಲೇ ಹಾರಿದ್ದ ೧,೨೨೧ ಪ್ರಯಾಣಗಳೂ ತೊಟ್ಟಿಯಲ್ಲಿಯ ೧,೮೩೬ ಏರಿಳಿತಗಳೂ ಸೇರಿ ೩,೦೫೭ಕ್ಕೆ ಗೋಡೆಯು ಹರಿಯಿತು. ಹರಿದುದು ಕಿಟಕಿಯ ಕಂಡಿಯ ಮೂಲೆಯಲ್ಲಿ. ಎಲ್ಬಾದ ವಿಮಾನದಲ್ಲಿಯೂ ಬಿರುಕು ಮೊದಲಾದುದು ನೆತ್ತಿಯ ಮೇಲೆ ಕೊರೆದಿದ್ದ ಚೌಕನೆಯ ಕಂಡಿಯೊಂದರ ಮೂಲೆಯಲ್ಲಿ ಎಂದು ಚೂರುಗಳು ಸಾಕ್ಷಿ ಹೇಳಿದುವು. ಅದು ಒತ್ತಡವನ್ನು ಹೊತ್ತು ಹಾರಿದ್ದುದು ೧,೨೯೦ ಸಲ.

ಇದಕ್ಕೆ ಕಾರಣವನ್ನು ಮನೆಯಲ್ಲಿಯೇ ನೋಡಬಹುದು. ತಗಡಿನ ತುಂಡನ್ನು ಒಂದು ಸಲ ಬಾಗಿಸಿದರೆ ಮುರಿಯದು. ಬಾಗಿಸಿ ನೆಟ್ಟಗೆ ಮಾಡಿ, ಮತ್ತೆ ಬಾಗಿಸಿದರೆ ಕೊನೆಗೊಮ್ಮೆ ಮುರಿಯುವುದು. ಲೋಹಕ್ಕೂ ದಣಿವುಂಟು. ವಿಮಾನವು ಏರಿದಾಗ ಗೋಡೆಯು ಒಂದಿಷ್ಟು ಉಬ್ಬುವುದು, ಇಳಿದಾಗ ಕುಗ್ಗುವುದು. ಈ ದಣಿವೆಲ್ಲ ಬಂದು ಸೇರುವುದು ಮೂಲೆಗಳಲ್ಲಿ. ಚೌಕದ ಮೂಲೆಯಲ್ಲಿ ಬಲವು, ರಚಿಸಿದವರು ಎಣಿಸಿದುದಕ್ಕಿಂತ ಬಹಳ ಹೆಚ್ಚಾಗಿ ಕೂಡುತ್ತಿತ್ತು. ತಿಳಿದುಬಂದುದನ್ನು ಅವರು ಮುಚ್ಚಿಡಲಿಲ್ಲ. ಅದೇ ವರ್ಷ ಬಹಿರಂಗ ವಿಚಾರಣೆಯಲ್ಲಿ ಎಲ್ಲವನ್ನೂ ಜಗತ್ತಿಗೆ ತಿಳಿಸಿದರು. ಅದರ ಪ್ರಯೋಜನವನ್ನು ಪ್ರತಿಸ್ಪರ್ಧಿಗಳೂ ಪಡೆದರು. ಇಂದು ಪ್ರಯಾಣಿಕರ ವಿಮಾನಗಳಲ್ಲಿ ಕಿಟಕಿಗಳ ಮೂಲೆಗಳೆಲ್ಲ ದುಂಡಗಿರುವುದನ್ನು ನೋಡುವಾಗ ಎಲ್ಬಾ ನೇಪಲ್ಸುಗಳ ಆ ೫೬ ಮಂದಿಯನ್ನು ನೆನೆಯುವುದು ಉಚಿತ.

ಲೋಹದ ದಣಿವು ಅಷ್ಟಕ್ಕೇ ಮುಗಿಯಲಿಲ್ಲ. ೧೯೮೮ನೆಯ ಏಪ್ರಿಲ್ ೨೮ರಂದು ಹವಾಯಿ ದ್ವೀಪಗಳಲ್ಲಿ, ೮೯,೦೦೦ಕ್ಕಿಂತ ಹೆಚ್ಚು ಸಲ ಏರಿಳಿದಿದ್ದ ಹಳೆಯ ಬೋಯಿಂಗ್ ವಿಮಾನವೊಂದರ ಮಾಡು ೨೪,೦೦೦ ಅಡಿಗಳಲ್ಲಿ ಸುಮಾರು ಹದಿನೆಂಟು ಅಡಿಗಳಷ್ಟು ಕಿತ್ತುಹೋಯಿತು. ಪರಿಚಾರಿಕೆಯೊಬ್ಬಳು ಗಾಳಿಯ ಪಾಲಾದಳು. ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಪ್ರಯಾಣಿಕರೆಲ್ಲ ಬದುಕಿದರು.

೬

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ಒಳಗಣ ಗಾಳಿಯು ಎಲ್ಲಿಂದ ಬಂದಿತು? ಹೊರಗಿನಿಂದಲೇ ಬಂದಿತು. ಜೆಟ್ ಯಂತ್ರವು ತನ್ನ ಕೆಲಸಕ್ಕಾಗಿ ಹೊರಗಣ ತೆಳುಗಾಳಿಯನ್ನು ಸೆಳೆದು ಒತ್ತಿ ದಟ್ಟಮಾಡಿಕೊಳ್ಳುವುದು. ಹೆಚ್ಚಿನ ವಿಮಾನಗಳಲ್ಲಿ ಆ ಗಾಳಿಯಲ್ಲಿ ಒಂದಂಶವನ್ನು ಉರಿಯನ್ನು ಸೇರುವುದಕ್ಕೆ ಮುಂಚೆಯೇ ಪಕ್ಕಕ್ಕೆ ತಿರುಗಿಸಿ, ತಣ್ಣಗೆ ಮಾಡಿ, ಕೊಠಡಿಗೆ ಬಿಡುವರು. ಒತ್ತಿದ ಗಾಳಿಯು ಸುಡುವಷ್ಟು ಬಿಸಿಯಾಗಿರುವುದರಿಂದ ಅದನ್ನು ತಣಿಸಲೇಬೇಕು. ವಿಮಾನದ ಹಿಂಭಾಗದಲ್ಲಿ ಒಂದು ಕವಾಟವುಂಟು. ಅದು ತೆರೆದು ಮುಚ್ಚಿ, ಹಳೆಯ ಗಾಳಿಯನ್ನು ಬೇಕಾದಷ್ಟೇ ಹೊರಬಿಟ್ಟು ಒತ್ತಡವನ್ನು ಸಮವಾಗಿಡುವುದು. ಹ್ಯಾರಿಸನ ಗೂಡಿನಲ್ಲಿ ಕೊರತೆಯಾಗಿದ್ದುದು ಇದೇ. ಸಿಲಿಂಡರಿನಲ್ಲಿ ತುಂಬಿ ತಂದ ಗಾಳಿಯಲ್ಲ; ಎಡೆಬಿಡದೆ ಬಂದು ಹೋಗುತ್ತಿರುವ ಗಾಳಿ.

ಒಳಗೆ ಸಮುದ್ರಮಟ್ಟದ ಒತ್ತಡವನ್ನೇ ಏಕೆ ಕೊಡುವುದಿಲ್ಲವೆಂದರೆ, ಅಷ್ಟು ಬಲವನ್ನು ತಡೆಯುವ ಗೋಡೆಯು ಬಹಳ ಭಾರವಾಗುವುದು, ಬೇಗ ದಣಿಯುವುದು. ಆದುದರಿಂದ ೮,೦೦೦ ಅಡಿಗಳ ಎತ್ತರದ ಗಾಳಿಗಿಂತ ತೆಳುವಾಗಬಾರದೆಂದು ನಿಯಮ ಮಾಡಿರುವರು. ನಮ್ಮವರಿಗೆ ತಿಳಿಯುವಂತೆ ಹೇಳುವುದಾದರೆ, ಉದಕಮಂಡಲವು ಸುಮಾರು ೭,೩೫೦ ಅಡಿ, ಅದರ ಬಳಿಯ ದೊಡ್ಡಬೆಟ್ಟವು ೮,೬೫೨ ಅಡಿ. ದೆಹಲಿಗೆ ಹಾರುವವನು ಕುಳಿತಲ್ಲಿಯೇ ಉದಕಮಂಡಲಕ್ಕೂ ದೊಡ್ಡಬೆಟ್ಟಕ್ಕೂ ನಡುವೆ ಉಸಿರಾಡುತ್ತಿರುವನು. ಪ್ರಯಾಣದ ಆಯಾಸಕ್ಕೆ ಇದೂ ಒಂದು ಕಾರಣ. ೨೦೧೧ರಲ್ಲಿ ಸೇವೆಗೆ ಬಂದ ಬೋಯಿಂಗ್ ೭೮೭ ವಿಮಾನದಲ್ಲಿ ಗೋಡೆಯನ್ನು ಲೋಹಕ್ಕೆ ಬದಲಾಗಿ ಇಂಗಾಲದ ನಾರುಗಳಿಂದ ಕಟ್ಟಿದ ಬಲವಾದ ದ್ರವ್ಯದಿಂದ ಮಾಡಿ, ಒಳಗಣ ಎತ್ತರವನ್ನು ೬,೦೦೦ ಅಡಿಗಳಿಗೆ ಇಳಿಸಿರುವರು. ಅದು ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ತುಸು ಕೆಳಗೆ.

ಆದರೂ ಜೆನಿತ್ ಬಲೂನಿನ ಪಾಠವನ್ನು ಮರೆಯಬಾರದೆಂಬುದಕ್ಕೆ ಒಂದು ನಿದರ್ಶನವನ್ನು ಹೇಳಬೇಕು. ೨೦೦೫ನೆಯ ಆಗಸ್ಟ್ ೧೪ರಂದು ಸೈಪ್ರಸಿನಿಂದ ಅಥೆನ್ಸಿಗೆ ಹೊರಟ ವಿಮಾನದಲ್ಲಿ, ಒತ್ತಡವನ್ನು ತಾನಾಗಿ ನೋಡಿಕೊಳ್ಳುವ ಯಂತ್ರದ ಗುಂಡಿಯು ನೆಲದ ಮೇಲಣ ಪರೀಕ್ಷೆಯಾದ ನಂತರ ಸ್ವಸ್ಥಾನಕ್ಕೆ ತಿರುಗಿಸದೆ ಉಳಿದುಹೋಗಿತ್ತು. ಏರುವಾಗ ಎಚ್ಚರಿಕೆಯ ಕಹಳೆ ಮೊಳಗಿತು. ಚಾಲಕರು ಅದನ್ನು ಬೇರೊಂದು ಎಚ್ಚರಿಕೆಯೆಂದು ತಿಳಿದರು. ಸಂಶಯವನ್ನು ಬಗೆಹರಿಸುತ್ತಿರುವಾಗಲೇ ಬುದ್ಧಿ ಮಂಕಾಗಿ ಅವರು ಮೂರ್ಛಿತರಾದರು. ಯಂತ್ರದ ವಶದಲ್ಲಿ ವಿಮಾನವು ಎಣ್ಣೆ ತೀರುವವರೆಗೂ ಹಾರಿ ಬಿದ್ದು, ಒಳಗಿದ್ದ ೧೨೧ ಮಂದಿಯೂ ಮಡಿದರು. ೩೫,೦೦೦ ಅಡಿಗಳಲ್ಲಿ ಒತ್ತಡವು ಹೋದರೆ ಬುದ್ಧಿಯು ಕೆಲಸಮಾಡುವುದು ಅರ್ಧದಿಂದ ಒಂದು ನಿಮಿಷ ಮಾತ್ರ. ಮುಖವಾಡವು ಇಳಿದಾಗ ತನಗೆ ಮೊದಲು ಹಾಕಿಕೊಂಡು ಆಮೇಲೆ ಮಗುವಿಗೆ ಹಾಕಬೇಕೆಂದು ಪರಿಚಾರಕರು ಹೇಳುವುದು ಸ್ವಾರ್ಥದಂತೆ ನನಗೆ ತೋರಿತ್ತು. ಅದರ ತಾತ್ಪರ್ಯವು ಈಗ ತಿಳಿಯಿತು. ತಾಯಿಗೆ ಎಚ್ಚರವಿದ್ದರೆ ಮಗುವು ಬದುಕುವುದು. ಬೆಂಗಳೂರಿನಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ವಾಯುಸೇನೆಯ ವೈಮಾನಿಕ ವೈದ್ಯಸಂಸ್ಥೆಯಲ್ಲಿ ಪಾಲ್ ಬೆರ್ ಪಂಡಿತನದರಂತಹ ಕೊಠಡಿಗಳಲ್ಲಿ ಚಾಲಕರನ್ನು ಕೂರಿಸಿ, ಮಂಕು ಕವಿಯುವಾಗ ತಮಗೆ ಏನಾಗುವುದೆಂಬುದನ್ನು ಅವರೇ ಮುಂಚಿತವಾಗಿ ಗುರುತಿಸಿಕೊಳ್ಳುವಂತೆ ಮಾಡುವರು.

ಇಷ್ಟನ್ನೂ ಮೊಮ್ಮಗನಿಗೆ ಬರೆದು ಕಳುಹಿಸಿದೆನು. ಪುಷ್ಪಕದ ಕಿಟಕಿಯು ವಾತಾಯನ. ನಮ್ಮ ವಿಮಾನದ ಕಿಟಕಿಯನ್ನು ಆ ಹೆಸರಿನಿಂದ ಕರೆಯಲಾಗದು, ಗಾಳಿಗೆ ಅಲ್ಲಿ ದಾರಿಯಿಲ್ಲ. ಅಮರಕೋಶದಲ್ಲಿ ಅದರ ಪಕ್ಕದಲ್ಲಿಯೇ ಇನ್ನೊಂದು ಪರ್ಯಾಯಪದವುಂಟು: ಗವಾಕ್ಷ, ಹಸುವಿನ ಕಣ್ಣು. ಮೂಲೆಯಿಲ್ಲದ ದುಂಡು ಕಿಟಕಿಗೆ ಇದು ಸರಿಯಾಗಿ ಒಪ್ಪುವುದೆಂದು ಅವನಿಗೆ ಸೂಚಿಸಿದ್ದೇನೆ. ನನ್ನ ಹಳೆಯ ಶಿಷ್ಯರು ಯಾರಾದರೂ ಇದನ್ನು ಓದಿದಲ್ಲಿ, ತಮ್ಮ ಮನಸ್ಸಿನ ನೋಟುಪುಸ್ತಕದಲ್ಲಿ ಆ ಒಂದು ವಾಕ್ಯವನ್ನು ತಿದ್ದಿಕೊಂಡು, ತಮ್ಮ ಮಕ್ಕಳಿಗೆ ಸರಿಯಾದುದನ್ನೇ ಹೇಳಬೇಕೆಂದು ಪ್ರಾರ್ಥಿಸುತ್ತೇನೆ.